ಕೋಲಾರ ಕಡೆಯ ಹಳೇ ಮಿಷನ್ ಚರ್ಚುಗಳು: ಮದುವೆ, ದೀಕ್ಷಾಸ್ನಾನ, ದಾಖಲೆ, ಸಮಾಧಿ ಕೆಲಸಕ್ಕೆ ಸೇವೆ ಹೇಗಿದೆ?

ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲು ಕಡೆಯ ಎಷ್ಟೋ ಕ್ರೈಸ್ತ ಕುಟುಂಬಗಳು ಈಗ ಬೆಂಗಳೂರಿನಲ್ಲಿ ನೆಲೆಸಿವೆ. ಭಾನುವಾರದ ಆರಾಧನೆಗೆ ಮನೆ ಹತ್ತಿರದ ಚರ್ಚು ಸಾಕಾಗುತ್ತದೆ. ಆದರೆ ಮದುವೆ ಗೊತ್ತಾದಾಗ, ಮಗುವಿಗೆ ದೀಕ್ಷಾಸ್ನಾನ ಕೊಡಿಸಬೇಕಾದಾಗ, ತಾತನ ಕಾಲದ ಕಾಗದ ಬೇಕಾದಾಗ, ಮನೆಯ ಹಿರಿಯರು ತೀರಿಕೊಂಡಾಗ ಊರಿನ ಚರ್ಚೇ ಬೇಕು. ಈ ವಿಮರ್ಶೆ ಅಂಥ ಕೆಲಸ ಹಿಡಿದು ಹೋಗುವವರಿಗೆ. ಯಾವುದೋ ಒಂದು ಚರ್ಚನ್ನು ಹೊಗಳುವುದಕ್ಕೋ ತೆಗಳುವುದಕ್ಕೋ ಅಲ್ಲ. ತಾಲ್ಲೂಕು ಮಟ್ಟದ ಹಳೇ ಮಿಷನ್ ಸಭೆಗಳಲ್ಲಿ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಸಮುದಾಯಗಳಲ್ಲಿ, ಸಾಮಾನ್ಯವಾಗಿ ಏನು ಸಿಗುತ್ತದೆ, ಎಲ್ಲಿ ಎಡವುತ್ತದೆ ಅನ್ನುವುದಷ್ಟೇ ಇಲ್ಲಿದೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ದಾಖಲೆ ವಿಷಯದಲ್ಲಿ ಈ ಸಭೆಗಳನ್ನು ಮೀರಿಸುವವರಿಲ್ಲ, ಪುಸ್ತಕ ಉಳಿದಿದ್ದರೆ. ಮದುವೆಗೆ ಪೂರ್ತಿ ನಂಬಬಹುದು, ಎರಡು ತಿಂಗಳು ಮುಂಚೆ ಹೋದರೆ. ಸಮಾಧಿ ಜಾಗ ಎಲ್ಲ ಕಡೆಯೂ ಇಕ್ಕಟ್ಟು. ಕಚೇರಿ ಅನ್ನುವುದು ಹೆಸರಿಗೆ ಮಾತ್ರ. ಪಾಸ್ಟರು, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಒಬ್ಬರು ಊರಲ್ಲಿಲ್ಲ ಅಂದರೆ ಆ ವಾರ ಕೆಲಸ ಆಗುವುದಿಲ್ಲ.

ಮೊದಲು ತಿಳಿದುಕೊಳ್ಳಬೇಕಾದ್ದು ನಿಮ್ಮ ಮನೆಯವರು ಯಾವ ಮಿಷನ್ನಿನ ಸಭೆಗೆ ಸೇರಿದವರು ಅನ್ನುವುದು. ಇದು ಗೊತ್ತಿಲ್ಲದೆ ಹೊರಟವರು ತಪ್ಪು ಕಚೇರಿಯ ಬಾಗಿಲು ತಟ್ಟಿ ವಾಪಸ್ ಬರುತ್ತಾರೆ. ಒಂದಕ್ಕೊಂದು ತಾಗಿಕೊಂಡಂತಿರುವ ಈ ಮೂರು ಜಿಲ್ಲೆಗಳಲ್ಲಿ ಮೂರು ಬೇರೆ ಬೇರೆ ಮಿಷನ್‌ಗಳು ಕೆಲಸ ಮಾಡಿವೆ. ತುಮಕೂರು ಕಡೆ ಇಂಗ್ಲೆಂಡಿನ ವೆಸ್ಲಿಯನ್ ಮೆಥೋಡಿಸ್ಟ್ ಮಿಷನ್. ಗುಬ್ಬಿಯಲ್ಲಿ ಅವರು 1837ರಲ್ಲೇ ನೆಲೆ ಹಾಕಿದ್ದರು. ಚಿಕ್ಕಬಳ್ಳಾಪುರದ ಕಡೆ ಲಂಡನ್ ಮಿಷನ್; ಅಲ್ಲಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆಸ್ಪತ್ರೆ ಅವರ ಕೈಯಿಂದ ಬಂದದ್ದು. ಕೋಲಾರದಲ್ಲಿ ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಚರ್ಚು.

ಕೋಲಾರದ ಸಭೆಯ ಬೇರು ಇರುವುದು ಬರಗಾಲದಲ್ಲಿ. 1876ರಿಂದ 78ರವರೆಗಿನ ಮಹಾ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಸತ್ತರು. ತಂದೆ ತಾಯಿ ಇಲ್ಲದೆ ಉಳಿದ ಮಕ್ಕಳನ್ನು ಮಿಸ್ ಆನ್‌ಸ್ಟಿ ಅನ್ನುವ ಇಂಗ್ಲೆಂಡಿನ ಹೆಣ್ಣುಮಗಳು ಕೋಲಾರದಲ್ಲಿ ಸಾಕಿದರು. ಅವರು ಕಟ್ಟಿದ ಅನಾಥಾಲಯ ಮತ್ತು ಅದರ ಸುತ್ತಲಿನ ಕೆಲಸ 1890ರಲ್ಲಿ ಮೆಥೋಡಿಸ್ಟ್ ಎಪಿಸ್ಕೋಪಲ್ ಚರ್ಚಿಗೆ ವರ್ಗವಾಯಿತು. ಆಮೇಲೆ 1910ರಲ್ಲಿ ಎಲೆನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ ಬಂತು. ಇ.ಟಿ.ಸಿ.ಎಂ. ಅಂದರೆ ಕೋಲಾರದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬರದಲ್ಲಿ ಬದುಕುಳಿದ ಮಕ್ಕಳಿಂದ ಶುರುವಾದ ಸಭೆ ಅನ್ನುವ ಕಾರಣಕ್ಕೇ ಇಲ್ಲಿನ ಹಳೇ ಕುಟುಂಬಗಳಲ್ಲಿ ಎಷ್ಟೋ ಜನಕ್ಕೆ ಮೂಲ ಊರು, ಮನೆತನ ಹಿಡಿಯಲು ಚರ್ಚಿನ ಪುಸ್ತಕ ಬಿಟ್ಟು ಬೇರೆ ಆಧಾರವಿಲ್ಲ. ಆ ಪುಸ್ತಕಗಳ ಬೆಲೆ ಸಭೆಯವರಿಗೇ ಸರಿಯಾಗಿ ಗೊತ್ತಿಲ್ಲ ಅನ್ನುವುದು ನಮ್ಮ ದೊಡ್ಡ ದೂರು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದಾಗ ವೆಸ್ಲಿಯನ್ನರೂ ಲಂಡನ್ ಮಿಷನ್ನಿನ ಸಭೆಗಳೂ ಅದರೊಳಗೆ ಸೇರಿಕೊಂಡವು. ಕೋಲಾರದ ಅಮೆರಿಕನ್ ಮೆಥೋಡಿಸ್ಟರು ಸೇರಲಿಲ್ಲ. ಅವರು ಬೇರೆಯಾಗಿಯೇ ಉಳಿದು 1981ರಲ್ಲಿ ಭಾರತದ ಮೆಥೋಡಿಸ್ಟ್ ಚರ್ಚು ಎಂದು ಸ್ವತಂತ್ರರಾದರು. ಹಾಗಾಗಿ ಕೋಲಾರದ ಮೆಥೋಡಿಸ್ಟ್ ಕುಟುಂಬದ ದಾಖಲೆಯನ್ನು ಸಿ.ಎಸ್.ಐ. ಡಯಾಸಿಸ್ (ಬಿಷಪ್ಪರ ಆಡಳಿತ ವಲಯ) ಕಚೇರಿಯಲ್ಲಿ ಕೇಳಿದರೆ ಅಲ್ಲಿ ಇರುವುದಿಲ್ಲ. ಅದು ಅವರ ತಪ್ಪಲ್ಲ. ಅದೇ ರೀತಿ ಗುಬ್ಬಿಯ ವೆಸ್ಲಿಯನ್ ಅಜ್ಜಿಯ ಹೆಸರನ್ನು ಹೆಸರಿನಲ್ಲಿ ಮೆಥೋಡಿಸ್ಟ್ ಇದೆ ಅಂತ ಕೋಲಾರದಲ್ಲಿ ಹುಡುಕಿದರೂ ಸಿಗದು. ಸಿ.ಎಸ್.ಐ. ಕಡೆಯವರು ಇನ್ನೊಂದು ನೆನಪಿಡಬೇಕು: 1970ರವರೆಗೆ ಇದ್ದದ್ದು ಮೈಸೂರು ಡಯಾಸಿಸ್. ಆಮೇಲೆ ಅದು ಮಧ್ಯ, ಉತ್ತರ, ದಕ್ಷಿಣ ಎಂದು ಮೂರಾಯಿತು. ಹಳೇ ಕಾಗದದ ಮೊಹರು ಈಗಿನ ಹೆಸರಿಗೆ ಹೊಂದುವುದಿಲ್ಲ ಅಂತ ಯಾವ ಗುಮಾಸ್ತರಾದರೂ ತಕರಾರು ತೆಗೆದರೆ ಈ ಇಸವಿ ಹೇಳಬೇಕು. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದೇ 2007ರಲ್ಲಿ, ಅದಕ್ಕೆ ಮುಂಚಿನ ಪುಸ್ತಕಗಳಲ್ಲೆಲ್ಲ ಕೋಲಾರ ಜಿಲ್ಲೆ ಎಂದೇ ಇರುತ್ತದೆ. ಕೆ.ಜಿ.ಎಫ್. ಕಥೆ ಬೇರೆ. ಗಣಿ ಕೆಲಸಕ್ಕೆ ಬಂದ ತಮಿಳರ ಸಭೆಗಳು, ಕ್ಯಾಥೊಲಿಕ್ ಚರ್ಚುಗಳು, ಆಂಗ್ಲಿಕನ್ನರು ಎಲ್ಲ ಅಲ್ಲಿದ್ದರು. ಯಾವ ಸಭೆ ಅನ್ನುವುದು ಮನೆಯಲ್ಲೇ ಖಚಿತವಾಗದೆ ಆ ಕಡೆ ಹೋಗಬೇಡಿ.

ಈಗ ಪುಸ್ತಕದ ವಿಷಯ. ಹಳೇ ಸಭೆಯಲ್ಲಿ ಸಾಮಾನ್ಯವಾಗಿ ನಾಲ್ಕು ರಿಜಿಸ್ಟರ್ ಇರುತ್ತವೆ: ದೀಕ್ಷಾಸ್ನಾನ, ಮದುವೆ, ಸಮಾಧಿ, ಸಭಾಸದಸ್ಯರ ಪಟ್ಟಿ. ಹುಡುಕುವವರು ಮೊದಲ ಮೂರನ್ನೇ ಕೇಳುತ್ತಾರೆ. ನಾಲ್ಕನೆಯದನ್ನು ಕೇಳಲು ಮರೆಯುತ್ತಾರೆ. ಆದರೆ ಸದಸ್ಯರ ಪಟ್ಟಿಯ ಷರಾ ಕಾಲಮ್ಮಿನಲ್ಲೇ ಕುಟುಂಬದ ಜಾಡು ಸಿಗುವುದು. ಇಂಥವರು ಇಂಥ ಊರಿಗೆ ವರ್ಗ, ಮದುವೆಯಾಗಿ ಇಂಥ ಸಭೆಗೆ, ನಿಧನ, ಹೀಗೆ ಒಂದೊಂದು ಸಾಲು. ಆ ಒಂದು ಸಾಲು ಮುಂದಿನ ಊರನ್ನು ತೋರಿಸುತ್ತದೆ.

ದೀಕ್ಷಾಸ್ನಾನದ ಪುಸ್ತಕದಲ್ಲಿ ಕ್ರಮಸಂಖ್ಯೆ, ದೀಕ್ಷಾಸ್ನಾನದ ದಿನ, ಹುಟ್ಟಿದ ದಿನ, ಹೆಸರು, ತಂದೆ ತಾಯಿ, ವಾಸ, ಕಸುಬು, ಕೊಟ್ಟವರ ಸಹಿ ಇರುತ್ತದೆ. ಹುಟ್ಟಿದ ದಿನ ಮತ್ತು ಸ್ನಾನದ ದಿನ ಅಕ್ಕಪಕ್ಕದ ಕಾಲಮ್ಮು. ನಕಲು ಬರೆಯುವಾಗ ಇವೆರಡು ಅದಲುಬದಲಾಗುವುದೇ ಅತಿ ಹೆಚ್ಚು ಆಗುವ ತಪ್ಪು. ಕಾಗದ ಕೈಗೆ ಬಂದ ಕೂಡಲೇ, ಪುಸ್ತಕ ಇನ್ನೂ ತೆರೆದಿರುವಾಗಲೇ, ಎರಡೂ ದಿನಾಂಕ ಓದಿ ಹೊಂದಿಸಿಕೊಳ್ಳಬೇಕು. ಮನೆಗೆ ಬಂದ ಮೇಲೆ ನೋಡಿದರೆ ಮತ್ತೊಂದು ಪ್ರಯಾಣ.

ಹೋಗುವಾಗ ಹೆಸರೊಂದನ್ನೇ ಹಿಡಿದುಕೊಂಡು ಹೋಗಬೇಡಿ. ಈ ಪುಸ್ತಕಗಳಿಗೆ ಅಕಾರಾದಿ ಸೂಚಿ ಇರುವುದು ಅಪರೂಪ, ದಿನಾಂಕದ ಕ್ರಮದಲ್ಲೇ ಹುಡುಕಬೇಕು. ಅಂದಾಜು ಇಸವಿ, ಅದರ ಹಿಂದೆ ಮುಂದೆ ಎರಡು ವರ್ಷ, ಹಳ್ಳಿಯ ಹೆಸರು, ತಂದೆಯ ಹೆಸರು, ಸಾಧ್ಯವಾದರೆ ಆಗ ಇದ್ದ ಪಾಸ್ಟರ ಹೆಸರು ಬರೆದುಕೊಂಡು ಹೋದರೆ ಅರ್ಧ ಗಂಟೆಯ ಕೆಲಸ. ಹಳ್ಳಿಯಿಂದ ಗುಂಪಾಗಿ ಬಂದು ದೀಕ್ಷಾಸ್ನಾನ ತೆಗೆದುಕೊಂಡವರು ಒಂದೇ ದಿನಾಂಕದ ಕೆಳಗೆ ಪುಟಗಟ್ಟಲೆ ಇರುತ್ತಾರೆ. ಅಲ್ಲಿ ದೊಡ್ಡವರ ಹೆಸರು ಎರಡೆರಡು ಇರಬಹುದು, ಹಿಂದಿನದೊಂದು, ಹೊಸದೊಂದು. ಮನೆಯಲ್ಲಿ ಜಾನ್ ಅನ್ನುವ ತಾತ ಪುಸ್ತಕದಲ್ಲಿ ಯೋಹಾನ ಆಗಿರಬಹುದು, ಜೇಮ್ಸ್ ಆದವರು ಯಾಕೋಬ ಆಗಿರಬಹುದು. ಸಮಾಧಾನಪ್ಪ, ಸುವಾರ್ತಮ್ಮ, ಜ್ಞಾನಮ್ಮ ಇಂಥ ಹೆಸರುಗಳು ಒಂದೇ ಪುಟದಲ್ಲಿ ಹಲವು ಸಲ ಬರುತ್ತವೆ. ತಂದೆಯ ಹೆಸರು ಇಲ್ಲದೆ ಯಾರು ಯಾರೆಂದು ಹೇಳಲಾಗದು.

ಹುಡುಕಿದರೂ ಸಿಗಲಿಲ್ಲ ಅಂದರೆ ಪುಸ್ತಕ ಕಳೆದಿದೆ ಅಂದುಕೊಳ್ಳುವ ಮೊದಲು ತಾಯಿಯ ತವರೂರು ಯಾವುದೆಂದು ಕೇಳಿಕೊಳ್ಳಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಕಡೆಯ ಪದ್ಧತಿ, ಎಷ್ಟೋ ಮೊದಲ ಮಕ್ಕಳ ದೀಕ್ಷಾಸ್ನಾನ ತಾಯಿಯ ತವರಿನ ಸಭೆಯಲ್ಲೇ ಆಗಿರುತ್ತದೆ. ಅಣ್ಣನ ಹೆಸರು ಇಲ್ಲ, ತಮ್ಮ ತಂಗಿಯರದು ಇದೆ ಅಂದರೆ ಹೆಚ್ಚಿನ ಪಾಲು ಕಾರಣ ಇದೇ. ಎರಡನೆಯ ಕಾರಣ ಸರ್ಕೀಟು. ಒಬ್ಬ ಪಾಸ್ಟರು ಹಲವು ಹಳ್ಳಿ ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ ಪುಸ್ತಕ ಅವರು ವಾಸವಿದ್ದ ಊರಲ್ಲಿ ಇರುತ್ತಿತ್ತು, ಹಳ್ಳಿಯ ಚರ್ಚಿನಲ್ಲಿ ಅಲ್ಲ. ಮದುವೆಯ ದಾಖಲೆಗೆ ಇನ್ನೂ ಒಂದು ದಾರಿ ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಂತೆ ಚರ್ಚಿನಲ್ಲಿ ಆದ ಮದುವೆಯ ಪ್ರತಿ ಸರ್ಕಾರದ ರಿಜಿಸ್ಟ್ರಾರರಿಗೂ ಹೋಗಬೇಕು, ಹಾಗಾಗಿ ಚರ್ಚಿನ ಪುಸ್ತಕ ಗೆದ್ದಲು ತಿಂದಿದ್ದರೂ ಅಲ್ಲಿ ಉಳಿದಿರಬಹುದು.

ಸಂಶೋಧನೆಗೆ, ಮನೆತನದ ಇತಿಹಾಸಕ್ಕೆ ಬೇಕಿದ್ದರೆ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ ಹತ್ತಿರದ್ದು. ಲಂಡನ್ ಮಿಷನ್ ಮತ್ತು ವೆಸ್ಲಿಯನ್ ಮಿಷನ್ನಿನ ಮೂಲ ಪತ್ರಗಳು ಲಂಡನ್ನಿನ ಸೋಯಾಸ್ ಗ್ರಂಥಾಲಯದಲ್ಲಿವೆ. ಅಮೆರಿಕನ್ ಮೆಥೋಡಿಸ್ಟರ ಪತ್ರಾಗಾರ ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಆದರೆ ಅಲ್ಲಿ ಇರುವುದು ಮುಖ್ಯವಾಗಿ ಮಿಷನರಿಗಳ ವರದಿ, ಪತ್ರ, ಫೋಟೋ. ನಿಮ್ಮ ಅಜ್ಜಿಯ ದೀಕ್ಷಾಸ್ನಾನದ ಸಾಲು ಊರಿನ ಚರ್ಚಿನ ಬೀರುವಿನಲ್ಲೇ ಇರಬೇಕು.

ಆ ಬೀರು ಹೇಗಿರುತ್ತದೆ? ವೆಸ್ಟ್ರಿಯಲ್ಲಿ, ಅಂದರೆ ಪಾಸ್ಟರು ಆರಾಧನೆಗೆ ಸಿದ್ಧವಾಗುವ ಚರ್ಚಿನ ಕೋಣೆಯಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿದ ಗಾಡ್ರೇಜ್ ಬೀರು. ಒಳಗೆ ಕ್ರಿಸ್ಮಸ್ ನಾಟಕದ ಬಟ್ಟೆ, ಸಂಡೇ ಸ್ಕೂಲಿನ ಬಹುಮಾನದ ತಟ್ಟೆಗಳು, ಕೆಳಗಿನ ಅರೆಯಲ್ಲಿ ರಿಜಿಸ್ಟರು. ಕೆಳಗಿನ ಅರೆಗೇ ತೇವ ಮೊದಲು ಏರುವುದು. ರಟ್ಟಿನ ಅಂಟು ತಿನ್ನಲು ಬೆಳ್ಳಿಹುಳ ಬರುವುದೂ ಅಲ್ಲಿಗೇ. ಹಳೇ ಶಾಯಿ ಕಾಗದವನ್ನು ಸುಟ್ಟು ಅಕ್ಷರದ ಆಕಾರದಲ್ಲೇ ತೂತು ಮಾಡಿರುತ್ತದೆ. ಪುಟ ತಿರುವುವಾಗ ಮೂಲೆ ಹಿಡಿದು ಎಳೆಯಬೇಡಿ, ಕೆಳಗೆ ಅಂಗೈ ಕೊಟ್ಟು ಎತ್ತಿ. ಹರಿದ ಕಡೆ ಸೆಲ್ಲೋಟೇಪ್ ಹಾಕುವುದು, ಒಳ್ಳೇದಾಗಲಿ ಅಂತ ಲ್ಯಾಮಿನೇಷನ್ ಮಾಡಿಸುವುದು, ಎರಡೂ ಪುಸ್ತಕಕ್ಕೆ ಮಾರಕ. ಟೇಪಿನ ಅಂಟು ಕೆಲವೇ ವರ್ಷದಲ್ಲಿ ಕಂದಾಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಷನ್ನಿನ ಬಿಸಿ ಒಣಗಿದ ಕಾಗದವನ್ನು ಇನ್ನಷ್ಟು ಹಾಳು ಮಾಡುತ್ತದೆ, ಆಮೇಲೆ ಬಿಡಿಸಲು ಬರುವುದಿಲ್ಲ. ಪುಸ್ತಕವನ್ನು ಮೇಲಿನ ಅರೆಗೆ ಎತ್ತಿ, ಹತ್ತಿಬಟ್ಟೆಯಲ್ಲಿ ಸುತ್ತಿ, ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದರೆ ಖರ್ಚಿಲ್ಲದೆ ಅರ್ಧ ರಕ್ಷಣೆ ಆಯಿತು. ಪುಟಪುಟವನ್ನೂ ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಷ್ ಇಲ್ಲದೆ ಫೋಟೋ ತೆಗೆದು ಎರಡು ಕಡೆ ಇಡುವ ಕೆಲಸವನ್ನು ಯುವಜನ ಕೂಟಕ್ಕೆ ಒಪ್ಪಿಸಿದರೆ ಒಂದು ಬೇಸಿಗೆ ರಜೆಯಲ್ಲಿ ಮುಗಿಯುತ್ತದೆ. ಇದನ್ನು ಮಾಡಿಸದ ಕಮಿಟಿಗಳ ಮೇಲೆ ನಮಗೆ ನಿಜವಾದ ಬೇಸರವಿದೆ.

ನಕಲು ಪತ್ರದಲ್ಲಿ ಸಂಪುಟ, ಪುಟ, ಕ್ರಮಸಂಖ್ಯೆ, ಸಹಿ, ಮೊಹರು, ಕೊಟ್ಟ ದಿನಾಂಕ ಇರಲೇಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಪಾಸ್‌ಪೋರ್ಟ್ ಕಚೇರಿಯಿಂದ ಕಾಗದ ವಾಪಸ್ ಬರಬಹುದು. ಮದುವೆಯ ರಿಜಿಸ್ಟರಿನ ಹುಡುಕಾಟಕ್ಕೆ, ನಕಲಿಗೆ ನಿಗದಿತ ಶುಲ್ಕ ಕಟ್ಟಿದವರಿಗೆ ಅವಕಾಶ ಕೊಡಬೇಕೆಂದು 1872ರ ಕಾಯಿದೆಯ 79ನೇ ಕಲಮಿನಲ್ಲೇ ಇದೆ, ಹಾಗಾಗಿ ಮುಜುಗರ ಬೇಡ. ಶುಲ್ಕ ಕಟ್ಟಿ, ರಸೀದಿ ಕೇಳಿ. ಆಧಾರ್‌ನಲ್ಲಿ ಇರುವಂತೆ ಹೆಸರು ಬರೆದುಕೊಡಿ ಅಂತ ಪಾಸ್ಟರನ್ನು ಒತ್ತಾಯಿಸಬೇಡಿ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆಯುವುದು ಅವರ ಕರ್ತವ್ಯ. ಬಿಳಿ ಶಾಯಿ ಹಚ್ಚಿ ತಿದ್ದಿದ ಸಾಲು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹೆಸರಿನ ವ್ಯತ್ಯಾಸಕ್ಕೆ ನೋಟರಿ ಅಫಿಡವಿಟ್ ಬೇರೆಯಾಗಿ ಲಗತ್ತಿಸುವುದೇ ಸರಿ.

ಮದುವೆಗೆ ಬರೋಣ. ಎರಡೂ ಕಡೆಯವರ ದೀಕ್ಷಾಸ್ನಾನದ ಪತ್ರ, ಸದಸ್ಯತ್ವದ ಪತ್ರ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಫೋಟೋ, ಬೇರೆ ಸಭೆಯವರಾದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಸತತ ಮೂರು ಭಾನುವಾರ ಆರಾಧನೆಯಲ್ಲಿ ಮದುವೆಯ ಪ್ರಕಟಣೆ ಓದುವುದು ರೂಢಿ. ಎರಡು ಸಭೆಯವರಾದರೆ ಎರಡು ಕಡೆಯೂ ಓದಬೇಕು, ಓದಿದ್ದಕ್ಕೆ ಪತ್ರ ತರಬೇಕು. ಮೂರು ವಾರ ಇಲ್ಲೇ ಹೋಯಿತು. ಇದರ ಮೇಲೆ ಪಾಸ್ಟರ ಜೊತೆ ವಿವಾಹಪೂರ್ವ ಮಾತುಕತೆ, ಕಮಿಟಿಯ ಒಪ್ಪಿಗೆ. ಎರಡು ತಿಂಗಳು ಅಂತ ಮೇಲೆ ಹೇಳಿದ್ದು ಇದಕ್ಕೇ. ಕಲ್ಯಾಣ ಮಂಟಪ ಮೊದಲು ಬುಕ್ ಮಾಡಿ ಚರ್ಚಿಗೆ ಆಮೇಲೆ ಹೋಗುವವರೇ ಹೆಚ್ಚು, ಅವರಿಗೇ ತೊಂದರೆಯೂ ಹೆಚ್ಚು. ಈಸ್ಟರಿಗೆ ಮುಂಚಿನ ಶ್ರಮಕಾಲದ ನಲವತ್ತು ದಿನ ಹಳೇ ಸಭೆಗಳಲ್ಲಿ ಸಾಮಾನ್ಯವಾಗಿ ಮದುವೆ ಮಾಡಿಸುವುದಿಲ್ಲ. ಅದು ಫೆಬ್ರವರಿಯಿಂದ ಏಪ್ರಿಲ್ ನಡುವೆ ವರ್ಷಕ್ಕೊಂದು ಕಡೆ ಬೀಳುತ್ತದೆ. ಮಂಟಪಕ್ಕೆ ಮುಂಗಡ ಕೊಡುವ ಮುನ್ನ ಶ್ರಮಕಾಲ ಶುರುವಾಗುವ ಬೂದಿ ಬುಧವಾರ ಆ ವರ್ಷ ಯಾವತ್ತು ನೋಡಿಕೊಳ್ಳಿ.

ಸಮಯದ ವಿಷಯ ಇನ್ನೊಂದು. ಕಾಯಿದೆ ಬೆಳಗ್ಗೆ 6ರಿಂದ ಸಂಜೆ 7ರ ಒಳಗೆ ಮದುವೆ ಆಗಬೇಕು ಅನ್ನುತ್ತದೆ. ಬೆಂಗಳೂರಿಂದ ಬಸ್ಸು ಮಾಡಿಕೊಂಡು ಬರುವ ದಿಬ್ಬಣ ಹೊಸಕೋಟೆ ದಾಟುವಷ್ಟರಲ್ಲೇ ತಡವಾಗಿರುತ್ತದೆ. ಹತ್ತೂವರೆಯ ಆರಾಧನೆಗೆ ಹತ್ತಕ್ಕೆ ಗಂಡಿನ ಕಡೆಯವರು ಕೂತಿರಬೇಕು. ಉಂಗುರ ಬದಲಾಯಿಸುವುದು, ಶಿಲುಬೆ ಇರುವ ತಾಳಿ ಕಟ್ಟುವುದು, ಎರಡೂ ಈ ಕಡೆ ಉಂಟು. ತಾಳಿ ಬೇಕೋ ಬೇಡವೋ ಅನ್ನುವುದನ್ನು ಪಾಸ್ಟರಿಗೆ ಮುಂಚೆಯೇ ಹೇಳಬೇಕು, ವೇದಿಕೆಯ ಮೇಲೆ ನಿಂತು ಪಿಸುಗುಟ್ಟುವ ವಿಷಯವಲ್ಲ. ಆಶೀರ್ವಾದ ಮುಗಿದ ಮೇಲೆ ಫೋಟೋಕ್ಕೆ ಓಡುವ ಮೊದಲು ವೆಸ್ಟ್ರಿಗೆ ಹೋಗಿ ರಿಜಿಸ್ಟರಿಗೆ ಸಹಿ: ವಧು, ವರ, ಇಬ್ಬರು ಸಾಕ್ಷಿಗಳು, ಪಾಸ್ಟರು. ಸಾಕ್ಷಿ ಹಾಕಬೇಕಾದ ಸೋದರಮಾವ ಊಟದ ವ್ಯವಸ್ಥೆ ನೋಡಲು ಮಂಟಪಕ್ಕೆ ಹೋಗಿಬಿಟ್ಟಿರುತ್ತಾರೆ. ಇಬ್ಬರು ಸಾಕ್ಷಿಗಳ ಹೆಸರನ್ನು ಹಿಂದಿನ ದಿನವೇ ಗೊತ್ತುಮಾಡಿ, ಅವರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ.

ಚರ್ಚಿನ ಪತ್ರ ಕಾನೂನಿನ ಪ್ರಕಾರ ಸಾಕ್ಷ್ಯವೇ. ಆದರೂ ವೀಸಾಕ್ಕೆ ಹೋಗುವವರಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರವನ್ನೂ ಕೇಳುತ್ತಾರೆ. ಕರ್ನಾಟಕದ 1976ರ ವಿವಾಹ ನೋಂದಣಿ ಕಾಯಿದೆಯಲ್ಲಿ ಅದನ್ನೂ ಮಾಡಿಸಿಕೊಂಡರೆ ಮುಂದೆ ತಲೆನೋವಿಲ್ಲ. ಗಂಡು ಹೆಣ್ಣಿನಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ 1872ರ ಕಾಯಿದೆ ಒಪ್ಪುತ್ತದೆ, ಸಭೆಯ ನಿಯಮ ಅಷ್ಟಕ್ಕೆ ಒಪ್ಪದಿರಬಹುದು. ಅಂಥವರು 30 ದಿನದ ನೋಟಿಸಿನ ವಿಶೇಷ ವಿವಾಹ ಕಾಯಿದೆಯ ದಾರಿ ಹಿಡಿದು, ಆಮೇಲೆ ಚರ್ಚಿನಲ್ಲಿ ಆಶೀರ್ವಾದದ ಪ್ರಾರ್ಥನೆ ಕೇಳುವುದು ಉತ್ತಮ. ಹೊಸದಾಗಿ ಹುಟ್ಟಿದ ಸ್ವತಂತ್ರ ಸಭೆಗಳಲ್ಲಿ ಮದುವೆ ಇಟ್ಟುಕೊಂಡವರು ಅಲ್ಲಿನ ಪಾಸ್ಟರಿಗೆ ಮದುವೆ ಮಾಡಿಸುವ ಅಧಿಕಾರ, ಲೈಸೆನ್ಸ್ ಇದೆಯೇ ಎಂದು ಕೇಳಲೇಬೇಕು. ಹಳೇ ಮಿಷನ್ ಸಭೆಗಳ ದೊಡ್ಡ ಅನುಕೂಲ ಅಂದರೆ ಈ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಸಮಾಧಿಯ ವಿಷಯದಲ್ಲಿ ಸೇವೆ ಮನಸ್ಸಿನಿಂದ ಚೆನ್ನಾಗಿದೆ, ಜಾಗದಿಂದ ಅಲ್ಲ. ಸುದ್ದಿ ಮುಟ್ಟಿದ ಗಂಟೆಯೊಳಗೆ ಸಭೆಯ ಹೆಂಗಸರು ಮನೆಗೆ ಬಂದಿರುತ್ತಾರೆ, ಗೀತೆ ಹಾಡುತ್ತಾರೆ, ಆ ಮನೆಯ ಒಲೆ ಹೊತ್ತದ ದಿನಗಳಲ್ಲಿ ಊಟ ಬರುತ್ತದೆ. ಹಣ ಕೊಟ್ಟು ತರುವಂಥದ್ದಲ್ಲ ಇದು. ಗುಂಡಿಯ ಕೆಲಸ ಮಾತ್ರ ಕಷ್ಟ: ಕೋಲಾರದ ನೆಲ ಮೇಲೆ ಕೆಂಪು ಮಣ್ಣು, ಎರಡು ಮೂರು ಅಡಿ ಕೆಳಗೆ ಗಟ್ಟಿ ಗರಸು. ಸಮಾಧಿಗಳ ಸಂದಿಯಲ್ಲಿ ಜೆಸಿಬಿ ಹೋಗುವುದಿಲ್ಲ, ಹಾರೆ ಪಿಕಾಸಿಯೇ ಗತಿ. ನಾಲ್ಕು ಆಳಿಗೆ ಅರ್ಧ ದಿನ ಹಿಡಿಯುತ್ತದೆ, ಸಂಜೆ ನಾಲ್ಕಕ್ಕೆ ಮಣ್ಣು ಮಾಡಬೇಕಾದರೆ ಬೆಳಗ್ಗೆಯೇ ಜಾಗ ತೋರಿಸಬೇಕು. ಮನೆತನದ ಹಳೇ ಗುಂಡಿಯಲ್ಲೇ ಮತ್ತೆ ಇಡಬಹುದೇ, ಎಷ್ಟು ವರ್ಷ ಆಗಿರಬೇಕು ಅನ್ನುವುದು ಸಭೆಯಿಂದ ಸಭೆಗೆ ಬೇರೆ. ದುಃಖದ ದಿನ ಕೇಳುವುದಕ್ಕಿಂತ ಮುಂಚೆಯೇ ತಿಳಿದಿಟ್ಟುಕೊಳ್ಳುವುದು ಲೇಸು. ಮನೆಯಲ್ಲೇ ತೀರಿಕೊಂಡಿದ್ದರೆ ನೋಡುತ್ತಿದ್ದ ವೈದ್ಯರಿಂದ ಮರಣ ಕಾರಣದ ಪತ್ರ, 21 ದಿನದೊಳಗೆ ಮರಣ ನೋಂದಣಿ. ಚರ್ಚಿನ ಸಮಾಧಿ ಪತ್ರ ಇದಕ್ಕೆ ಬದಲಿ ಅಲ್ಲ.

ಭಾನುವಾರದ ಆರಾಧನೆಯನ್ನೂ ಹೇಳದಿದ್ದರೆ ವಿಮರ್ಶೆ ಅರ್ಧವಾಗುತ್ತದೆ. ಗೀತೆಯ ನಂಬರು ಬರೆದ ಮರದ ಹಲಗೆ, ಪಾಪ ಅರಿಕೆ, ಕೀರ್ತನೆಯನ್ನು ಒಂದು ವಚನ ಪಾಸ್ಟರು ಒಂದು ವಚನ ಸಭೆ ಓದುವುದು, ಹಳೇ ಹೊಸ ಒಡಂಬಡಿಕೆಯ ಪಾಠ, ವಿಶ್ವಾಸಪ್ರಮಾಣ, ಕಾಣಿಕೆ, ಪ್ರಸಂಗ, ಆಶೀರ್ವಾದ. ಒಂದೂವರೆ ಗಂಟೆ. ಕೋಲಾರ ಗಡಿನಾಡು, ಮನೆಮಾತು ತೆಲುಗು ತಮಿಳು ಆಗಿರುವವರೂ ಕನ್ನಡದ ಆರಾಧನೆಯಲ್ಲಿ ಕೂರುತ್ತಾರೆ, ನಡುನಡುವೆ ತೆಲುಗು ಹಾಡೂ ಬರುತ್ತದೆ. ಮಂಗಳೂರು ಹೆಂಚಿನ ಎತ್ತರದ ಮಾಡು ಹಾಡಿಗೆ ಸೊಗಸು, ಪ್ರಸಂಗಕ್ಕೆ ಶತ್ರು. ಸ್ಪೀಕರ್ ದೊಡ್ಡದು ಹಾಕಿದಷ್ಟೂ ಮಾತು ಕಲಸಿಹೋಗುತ್ತದೆ. ಎರಡು ಸಣ್ಣ ಸ್ಪೀಕರನ್ನು ಮಧ್ಯದ ಬೆಂಚಿನ ಸಾಲಿಗೆ ಇಟ್ಟು ಧ್ವನಿ ಇಳಿಸಿದರೆ ಹಿಂದೆ ಕೂತ ಅಜ್ಜಿಯರಿಗೂ ಕೇಳಿಸುತ್ತದೆ. ಡಿಸೆಂಬರ್ 31ರ ರಾತ್ರಿಯ ಜಾಗರಣೆ ಆರಾಧನೆ, ಹೊಸ ವರ್ಷದ ಒಡಂಬಡಿಕೆ ಆರಾಧನೆ ಮೆಥೋಡಿಸ್ಟರ ವಿಶೇಷ. ಒಡಂಬಡಿಕೆಯ ಆರಾಧನೆಯನ್ನು ಜಾನ್ ವೆಸ್ಲಿ 1755ರಲ್ಲಿ ಶುರು ಮಾಡಿದ್ದು. ಊರಿಗೆ ಬರುವುದಾದರೆ ಆ ರಾತ್ರಿ ಬನ್ನಿ.

ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಿ ರಸ ಹಂಚಿಕೊಳ್ಳುವ ವಿಧಿ. ಮೆಥೋಡಿಸ್ಟರು ಹುದುಗಿಸದ ದ್ರಾಕ್ಷಿ ರಸವನ್ನೇ ಬಳಸುತ್ತಾರೆ. ಅಮೆರಿಕದ ಮೆಥೋಡಿಸ್ಟ್ ದಂತವೈದ್ಯ ಥಾಮಸ್ ವೆಲ್ಚ್ 1869ರಲ್ಲಿ ರಸವನ್ನು ಕಾಯಿಸಿ ಹುದುಗದಂತೆ ಇಡುವ ಕ್ರಮ ಕಂಡುಹಿಡಿದದ್ದೇ ಈ ಕೆಲಸಕ್ಕೆ. ಅಂಗಡಿಯ ಸಕ್ಕರೆ ಪಾನಕ ತಂದು ಸುರಿಯುವ ಸಭೆಗಳಿಗೆ ನಾವು ಅಂಕ ಕಡಿಮೆ ಕೊಡುತ್ತೇವೆ, ಯಾಕೆಂದರೆ ಕೋಲಾರ, ಚಿಕ್ಕಬಳ್ಳಾಪುರದ ತೋಟಗಳಲ್ಲೇ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತದೆ. ಒಂದು ಕಿಲೋ ಹಣ್ಣು ಬಿಡಿಸಿ, ಉಪ್ಪುನೀರಲ್ಲಿ ತೊಳೆದು, ಕಾಲು ಲೀಟರ್ ನೀರು ಹಾಕಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಸಿಪ್ಪೆ ಒಡೆದು ಬಣ್ಣ ಬಿಟ್ಟರೆ ಸಾಕು. ಮಿಕ್ಸಿಗೆ ಹಾಕಬಾರದು, ಬೀಜ ಒಡೆದರೆ ಒಗರು ಬರುತ್ತದೆ. ತೆಳು ಬಟ್ಟೆಯಲ್ಲಿ ಹಿಂಡದೆ ತಾನಾಗೇ ಇಳಿಯಲು ಬಿಟ್ಟರೆ ರಸ ತಿಳಿಯಾಗಿರುತ್ತದೆ. ಮತ್ತೆ ಒಲೆಯ ಮೇಲಿಟ್ಟು, ಕುದಿ ಬರುವ ಮುನ್ನ ಇಳಿಸಿ, ನೀರಲ್ಲಿ ಕುದಿಸಿಟ್ಟ ಬಾಟಲಿಗೆ ಬಿಸಿಯಾಗಿರುವಾಗಲೇ ತುಂಬಿ ಮುಚ್ಚಬೇಕು. ತಳದಲ್ಲಿ ಹರಳು ಕಟ್ಟಿದರೆ ಗಾಬರಿ ಬೇಡ, ಅದು ದ್ರಾಕ್ಷಿಯದೇ ಉಪ್ಪು. ಮುಚ್ಚಳ ತೆರೆದಾಗ ಬುಸ್ಸೆಂದು ಗುಳ್ಳೆ ಎದ್ದರೆ ಮಾತ್ರ ಹುದುಗಿದೆ ಎಂದು ಅರ್ಥ, ಚೆಲ್ಲಿಬಿಡಿ. ಸಣ್ಣ ಲೋಟದಲ್ಲಿ ಒಬ್ಬರಿಗೆ ಹತ್ತು ಮಿಲಿಲೀಟರಿನಂತೆ ಮುಕ್ಕಾಲು ಲೀಟರಿನ ಒಂದು ಬಾಟಲಿ ಎಪ್ಪತ್ತು ಜನಕ್ಕೆ ಬರುತ್ತದೆ.

ಸುಗ್ಗಿ ಹಬ್ಬ ಈ ಸಭೆಗಳ ಜೀವ. ಮನೆಗೊಂದರಂತೆ ಬೆಳೆಯ ಮೊದಲ ಪಾಲು ಚರ್ಚಿನ ಮುಂದೆ ಬಂದು ಬೀಳುತ್ತದೆ: ರಾಗಿ, ಹುಣಸೆಹಣ್ಣು, ಅವರೆಕಾಯಿ, ಕುಂಬಳಕಾಯಿ, ಹದಿನೈದು ಕಿಲೋದ ಟೊಮೆಟೊ ಬಾಕ್ಸು, ಕಾಲು ಕಟ್ಟಿದ ನಾಟಿ ಕೋಳಿ, ಮನೆಯಲ್ಲಿ ಮಾಡಿದ ಮಾವಿನ ಉಪ್ಪಿನಕಾಯಿ. ಆರಾಧನೆ ಮುಗಿದ ಮೇಲೆ ಹರಾಜು. ಒಬ್ಬರು ಕೂಗಿ ಕೊಂಡ ಕೋಳಿಯನ್ನು ಅಲ್ಲೇ ಸಭೆಗೆ ವಾಪಸ್ ಕೊಡುತ್ತಾರೆ, ಅದು ಮತ್ತೆ ಹರಾಜಿಗೆ ಬರುತ್ತದೆ, ಒಂದೇ ಕೋಳಿ ಮೂರು ನಾಲ್ಕು ಸಲ ಮಾರಾಟವಾಗಿ ಕಟ್ಟಡದ ನಿಧಿ ತುಂಬಿಸುತ್ತದೆ. ಸಂತೋಷದ ಹುರುಪಿನಲ್ಲಿ ಕೂಗಿದ ಹಣ ಆಮೇಲೆ ಬಾರದೇ ಉಳಿಯುವುದೇ ಇಲ್ಲಿನ ದೋಷ. ಕೂಗುವವರ ಪಕ್ಕದಲ್ಲೇ ಬರೆಯುವವರೊಬ್ಬರು, ಹಣ ತೆಗೆದುಕೊಳ್ಳುವವರು ಇನ್ನೊಬ್ಬರು ಕೂತು, ವಸ್ತು ಕೈಗೆ ಕೊಡುವ ಮೊದಲೇ ಚೀಟಿ ಹರಿದುಕೊಟ್ಟರೆ, ಚರ್ಚಿನ ಖಾತೆಯ ಕ್ಯೂಆರ್ ಕೋಡನ್ನೇ ಮೇಜಿನ ಮೇಲೆ ಇಟ್ಟರೆ ಬಾಕಿ ಉಳಿಯುವುದಿಲ್ಲ. ಖಜಾಂಚಿಯ ಸ್ವಂತ ಫೋನಿಗೆ ಹಣ ಹಾಕಿಸಿಕೊಳ್ಳುವುದು ಎಷ್ಟೇ ಪ್ರಾಮಾಣಿಕರಾಗಿದ್ದರೂ ತಪ್ಪು ಪದ್ಧತಿ, ಮುಂದೊಂದು ದಿನ ಅವರ ಹೆಸರಿಗೇ ಮಸಿ.

ಊಟ ಚೆನ್ನಾಗಿರುತ್ತದೆ, ಇದರಲ್ಲಿ ಎರಡು ಮಾತಿಲ್ಲ. ನೂರು ಜನಕ್ಕೆ ಹತ್ತು ಕಿಲೋ ಅಕ್ಕಿ, ಹನ್ನೆರಡು ಕಿಲೋ ಮಟನ್ನಿನ ಪಲಾವು ಇಲ್ಲಿನ ಲೆಕ್ಕ. ಅವರೆಕಾಯಿ ಕಾಲವಾದರೆ ಹಿತಕಿದ ಬೇಳೆ ಸಾರಿಗೆ ಮುದ್ದೆ. ಬೇಳೆ ಹಿತಕುವ ಕೆಲಸ ಹಿಂದಿನ ರಾತ್ರಿ ಚರ್ಚಿನ ಜಗಲಿಯ ಮೇಲೆ ಮಹಿಳಾ ಸಂಘದವರು ಕೂತು ಮುಗಿಸುತ್ತಾರೆ. ಹೊರಗಿಂದ ಬಂದವರಿಗೆ ಸಭೆಯ ಪರಿಚಯ ನಿಜವಾಗಿ ಆಗುವುದು ಆ ಜಗಲಿಯಲ್ಲೇ. ಯಾರ ಮನೆಯವರು ಎಲ್ಲಿಗೆ ಹೋದರು, ಯಾವ ಪುಸ್ತಕ ಯಾರ ಕಾಲದಲ್ಲಿ ಎಲ್ಲಿಗೆ ಹೋಯಿತು ಅನ್ನುವುದೆಲ್ಲ ಆ ಹೆಂಗಸರಿಗೆ ಬಾಯಿಪಾಠ. ದಾಖಲೆ ಹುಡುಕಿಕೊಂಡು ಹೋದವರು ಪಾಸ್ಟರನ್ನು ಮಾತ್ರ ಕೇಳಿ ವಾಪಸ್ ಬರಬೇಡಿ, ಸಂಘದ ಹಿರಿಯ ಅಕ್ಕಂದಿರನ್ನೂ ಕೇಳಿ.

ಇದಕ್ಕೆ ಕಾರಣವೂ ಇದೆ. ಪಾಸ್ಟರುಗಳು ವರ್ಗವಾಗುತ್ತಾರೆ. ಮೆಥೋಡಿಸ್ಟರಲ್ಲಿ ವಾರ್ಷಿಕ ಕಾನ್ಫರೆನ್ಸಿನಲ್ಲಿ ಬಿಷಪ್ಪರು ನೇಮಕದ ಪಟ್ಟಿ ಓದುತ್ತಾರೆ, ಸಿ.ಎಸ್.ಐ.ನಲ್ಲಿ ಡಯಾಸಿಸ್ಸಿನಿಂದ ಆದೇಶ ಬರುತ್ತದೆ. ಹೊಸಬರು ಬಂದಾಗ ಬೀರುವಿನ ಬೀಗದ ಕೈ, ರಿಜಿಸ್ಟರುಗಳ ಪಟ್ಟಿ, ಅರ್ಧಕ್ಕೆ ನಿಂತ ಅರ್ಜಿಗಳು ಸರಿಯಾಗಿ ಕೈ ಬದಲಾಗಬೇಕು. ಎಷ್ಟೋ ಕಡೆ ಕೈ ಬದಲಾಗುವುದು ಬೀಗದ ಕೈ ಮಾತ್ರ. ವರ್ಗಾವಣೆಯ ಹಿಂದುಮುಂದಿನ ತಿಂಗಳು ಅರ್ಜಿ ಕೊಟ್ಟವರ ಕಾಗದವೇ ಕಳೆಯುವುದು. ಅರ್ಜಿಯ ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿಯ ಸಹಿ, ದಿನಾಂಕ ಹಾಕಿಸಿ ಇಟ್ಟುಕೊಳ್ಳಿ. ಪಾಸ್ಟರು ಬದಲಾದರೆ ಅದೇ ಪ್ರತಿಯನ್ನು ಹೊಸಬರಿಗೆ ತೋರಿಸಬಹುದು. ಅವರೂ ಸುಮ್ಮನಿದ್ದರೆ ಮೆಥೋಡಿಸ್ಟರಲ್ಲಿ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟರಿಗೆ, ಸಿ.ಎಸ್.ಐ.ನಲ್ಲಿ ಏರಿಯಾ ಚೇರ್‌ಮನ್ನರಿಗೆ ಅದರ ನಕಲಿನೊಂದಿಗೆ ಬರೆಯಿರಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಭೇಟಿಗೆ ಭಾನುವಾರ ಬೇಡ, ಆರಾಧನೆಯ ಗಡಿಬಿಡಿಯಲ್ಲಿ ಯಾರೂ ಪುಸ್ತಕ ತೆರೆಯುವುದಿಲ್ಲ. ಸೋಮವಾರ ಬಹುತೇಕ ಪಾಸ್ಟರುಗಳ ವಿಶ್ರಾಂತಿಯ ದಿನ. ಬುಧವಾರ ಇಲ್ಲವೇ ಗುರುವಾರ ಬೆಳಗ್ಗೆ ಹತ್ತರ ಮೇಲೆ, ಮುಂಚೆ ತಿಳಿಸಿ ಹೋದರೆ ಕೂತು ಹುಡುಕಿಕೊಡುತ್ತಾರೆ.